ಒಂದು ಜೊತೆ ಕೆಂಪಿನ ಓಲೆ

ಒಡವೆಗಳ ವಿಚಾರವಾಗಿ ಬರೆಯುವುದಕ್ಕೆ ಇವನಿಗೇನು ಅಧಿಕಾರವೆಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟವನು ನಾನು. ದರ್ಭೆಯ ಪವಿತ್ರವನ್ನು ಬಿಟ್ಟರೆ ಬೆರಳಿಗೆ ಬೇರೆ ಉಂಗುರವನ್ನು ಕಂಡವನಲ್ಲ. ಪಾಠಶಾಲೆಯಲ್ಲಿದ್ದಾಗ ಅಮರಕೋಶದ ರತ್ನವಾಚಕಗಳನ್ನೆಲ್ಲ ಬಾಯಿಪಾಠ ಮಾಡಿ ಒಪ್ಪಿಸಿದ್ದುಂಟು. ಆದರೆ ಪದ್ಮರಾಗವೆಂಬುದು ನಮಗೆ ಒಂದು ಶಬ್ದವಾಗಿತ್ತೇ ಹೊರತು ಒಂದು ಕಲ್ಲಾಗಿರಲಿಲ್ಲ. ಅಂಥವನು ಒಂದು ವರ್ಷಕಾಲ ಒಡವೆಯೊಂದರ ಆಕಾರವನ್ನೇ ಧ್ಯಾನಿಸುತ್ತ, ಹಳೆಯ ಲೆಕ್ಕದ ಪುಸ್ತಕದ ಹಾಳೆಗಳ ಮೇಲೆ ಕೈವಾರದಿಂದ ವೃತ್ತಗಳನ್ನು ಎಳೆಯುತ್ತ ಕುಳಿತಿದ್ದನೆಂದರೆ ಅದಕ್ಕೆ ಕಾರಣವನ್ನು ಹೇಳಲೇಬೇಕು.

ನನ್ನ ಸಹಧರ್ಮಿಣಿ 2022ನೆಯ ಇಸವಿಯ ಕಾರ್ತಿಕಮಾಸದಲ್ಲಿ ತೀರಿಕೊಂಡಳು. ಅವಳು ಬಿಟ್ಟುಹೋದ ಒಡವೆಗಳು ಹೆಚ್ಚಿನವಲ್ಲ. ಮೇಷ್ಟರ ಸಂಸಾರದಲ್ಲಿ ಹೆಚ್ಚಿರುವುದೂ ಇಲ್ಲ. ಮಾಂಗಲ್ಯ, ಎರಡು ಜೊತೆ ಬಳೆ, ಒಂದೆಳೆಯ ಸರ, ಮೂಗುಬೊಟ್ಟು, ಮತ್ತು ಒಂದು ಜೊತೆ ಕೆಂಪಿನ ಓಲೆ. ಓಲೆಗಳು ಅವಳ ತಾಯಿಯ ಕಿವಿಯಲ್ಲಿದ್ದು 1985ರಲ್ಲಿ ನಮ್ಮ ವಿವಾಹಕಾಲದಲ್ಲಿ ಇವಳ ಕಿವಿಗೆ ಬಂದವು. ಒಂದೊಂದರಲ್ಲಿ ಏಳು ಹರಳು: ನಡುವೆ ದೊಡ್ಡದೊಂದು, ಸುತ್ತಲೂ ಚಿಕ್ಕವು ಆರು. ಉಳಿದ ಒಡವೆಗಳನ್ನು ಅವಳು ಹಬ್ಬಹುಣ್ಣಿಮೆಗೆ ಇಡುತ್ತಿದ್ದಳು, ತೆಗೆಯುತ್ತಿದ್ದಳು. ಓಲೆಗಳನ್ನು ಮಾತ್ರ ತೆಗೆದುದನ್ನು ನಾನು ಕಂಡುದು ಒಂದೇ ಸಲ. ಕಡೆಯ ಕಾಯಿಲೆಯಲ್ಲಿ ಮೈ ಸೊರಗಿ ಕಿವಿಯ ಹಾಲೆ ಭಾರವನ್ನು ತಾಳದೆಹೋದಾಗ ತಾನೇ ಅವುಗಳನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, "ಅವಳಿಗೊಂದು, ಇವಳಿಗೊಂದು" ಎಂದಳು. ಅವಳೆಂದರೆ ಮಗಳು, ಇವಳೆಂದರೆ ಸೊಸೆ.

ಮಾತೇನೋ ಸ್ಪಷ್ಟವಾಗಿತ್ತು, ಆದರೆ ಒಂಟಿ ಓಲೆಯನ್ನು ಇಟ್ಟುಕೊಳ್ಳುವ ಹೆಂಗಸು ಲೋಕದಲ್ಲಿಲ್ಲ. ಜೊತೆಯನ್ನು ಒಬ್ಬಳಿಗೆ ಕೊಟ್ಟರೆ ಹೇಳಿದ ಮಾತು ಕೆಡುತ್ತದೆ. ಒಂದೊಂದಾಗಿ ಕೊಟ್ಟರೆ ಎರಡೂ ಪೆಟ್ಟಿಗೆಯ ಪಾಲಾಗುತ್ತವೆ. ಶಾಸ್ತ್ರವನ್ನು ಕೇಳೋಣವೆಂದರೆ, ನಮ್ಮ ಕಲ್ಯಾಣದಲ್ಲಿ, ಎಂದರೆ ಈಗಿನ ಬಸವಕಲ್ಯಾಣದಲ್ಲಿ, ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ತಾಯಿಯ ಸ್ತ್ರೀಧನ ಮೊದಲು ಹೆಣ್ಣುಮಕ್ಕಳಿಗೆ ಸೇರತಕ್ಕದ್ದೆಂದು ಹೇಳುತ್ತಾನೆ. ಆ ಲೆಕ್ಕದಲ್ಲಿ ಸೊಸೆಗೆ ಭಾಗವಿಲ್ಲ. ಆದರೆ ತವರಿನಿಂದ ಪ್ರೀತಿಪೂರ್ವಕವಾಗಿ ಬಂದ ಸೌದಾಯಿಕ ಧನವನ್ನು ಒಡತಿಯು ತನ್ನ ಇಚ್ಛೆಯಂತೆ ಕೊಡಬಹುದೆಂಬುದೂ ಧರ್ಮಶಾಸ್ತ್ರದ ಮಾತೇ. ಕೊಡುವವಳು ಕೊಟ್ಟಾಯಿತು. ಕೊಟ್ಟದ್ದನ್ನು ತೊಡುವಂತೆ ಮಾಡುವ ಕೆಲಸ ಮಾತ್ರ ನನ್ನ ಪಾಲಿಗೆ ಉಳಿಯಿತು.

ವರ್ಷಾಬ್ದಿಕ ಕಳೆಯುವವರೆಗೆ ಆ ವಿಚಾರವನ್ನು ಯಾರೂ ಎತ್ತಲಿಲ್ಲ. ಆಮೇಲೆ ನಾನೇ ಎತ್ತಿದೆ: ಓಲೆಗಳನ್ನು ಕಳಚಿ, ಒಂದೊಂದರ ಏಳು ಹರಳಿನಿಂದ ಒಂದೊಂದು ಪದಕವನ್ನು ಮಾಡಿಸುವುದು. ಮಗಳು ಒಪ್ಪಿದಳು, ಸೊಸೆ ಮಾತನಾಡಲಿಲ್ಲ. ನಮ್ಮೊಡನಿರುವ ನನ್ನ ಅಕ್ಕ ಮಾತ್ರ ಕಡ್ಡಿ ತುಂಡುಮಾಡಿದಂತೆ ಹೇಳಿದಳು: "ಮುತ್ತೈದೆಯಾಗಿ ಹೋದವಳ ಕಿವಿಯ ಓಲೆಯನ್ನು ಮುರಿಸುತ್ತೀಯೇನೋ? ದೇವರ ಮನೆಯಲ್ಲಿ ಭರಣಿಯಲ್ಲಿಟ್ಟು ವರ್ಷಕ್ಕೊಂದು ಸಲ ಕುಂಕುಮ ಹಚ್ಚಿದರೆ ಸಾಲದೇ?"

ಅಕ್ಕನ ಮಾತನ್ನು ಮೌಢ್ಯವೆಂದು ತಳ್ಳಿಹಾಕುವವನು ನಾನಲ್ಲ. ಅದರಲ್ಲಿ ಒಂದು ಭಯವುಂಟು, ಆ ಭಯಕ್ಕೆ ಆಧಾರವೂ ಉಂಟು. ಚಿನ್ನಕ್ಕೆ ನೆನಪಿಲ್ಲ. ಕುಲುಮೆಗೆ ಹಾಕಿದ ಕ್ಷಣದಲ್ಲಿ ಅಜ್ಜಿಯ ಕಂಠಿಯೂ ಮೊನ್ನೆ ಕೊಂಡ ಬಳೆಯೂ ಒಂದೇ ರಸವಾಗುತ್ತವೆ. ಹೀಗೆ ಕರಗಿಹೋದ ಮನೆತನದ ಒಡವೆಗಳೆಷ್ಟೋ! ಆದರೆ ಹರಳು ಕರಗುವ ವಸ್ತುವಲ್ಲ. ಚಿನ್ನದಿಂದ ಬಿಡಿಸಿದರೂ ಅದು ಅದೇ ಹರಳು. ಆದುದರಿಂದ ಚಿನ್ನವನ್ನು ಎಷ್ಟು ಬೇಕಾದರೂ ಬದಲಾಯಿಸಬಹುದು, ಕಲ್ಲನ್ನು ಬದಲಾಯಿಸಕೂಡದು ಎಂದು ನನ್ನಷ್ಟಕ್ಕೆ ನಾನೇ ಒಂದು ನಿಯಮವನ್ನು ಮಾಡಿಕೊಂಡೆ. ಈ ನಿಯಮ ಮುಂದೆ ನಮ್ಮ ಮನೆಯಲ್ಲಿ ಎಷ್ಟು ಚರ್ಚೆಗೆ ಕಾರಣವಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ.

ಭರಣಿಯಲ್ಲಿಡುವ ವಿಚಾರಕ್ಕೆ ಬಂದರೆ, ನಮ್ಮ ಕವಿಗಳು ಮಣಿಯನ್ನು ಮುಚ್ಚಿಡುವುದಕ್ಕಾಗಿ ಎಂದೂ ಹೇಳಿದವರಲ್ಲ. ಸುಂದರಕಾಂಡದ ಚೂಡಾಮಣಿಯ ಪ್ರಸಂಗವನ್ನು ಎಲ್ಲರೂ ಬಲ್ಲರು. ಆದರೆ ಅದರಲ್ಲಿ ಒಂದು ಸೂಕ್ಷ್ಮವನ್ನು ಓದುವವರು ದಾಟಿಹೋಗುವುದುಂಟು. ಹನುಮಂತನು ತಂದುಕೊಟ್ಟ ಆ ಮಣಿ, ವಿವಾಹಕಾಲದಲ್ಲಿ ಜನಕನು ಕೊಟ್ಟು ಸೀತೆಯ ಮುಡಿಗೇರಿದ್ದು. ಅದನ್ನು ಎದೆಗೊತ್ತಿಕೊಂಡ ರಾಮನಿಗೆ ಸೀತೆಯೊಬ್ಬಳೇ ನೆನಪಿಗೆ ಬರುವುದಿಲ್ಲ. ಮಾವನಾದ ಜನಕನೂ, ಆ ವೇಳೆಗಾಗಲೇ ಸ್ವರ್ಗಸ್ಥನಾಗಿದ್ದ ತಂದೆ ದಶರಥನೂ ಕಣ್ಣಿಗೆ ಕಟ್ಟಿದಂತಾಗುತ್ತಾರೆ. ಒಂದು ಕಲ್ಲು, ಮೂವರ ದರ್ಶನ! ನಮ್ಮ ಮನೆಯ ಓಲೆಗಳನ್ನು ನೋಡಿದಾಗ ನನಗೂ ಅವಳೊಡನೆ ಅತ್ತೆಯವರ ಮುಖವೂ ತೋರುತ್ತಿದ್ದುದರಿಂದ ಈ ಸ್ಥಳವನ್ನು ಮತ್ತೆ ಮತ್ತೆ ತೆರೆದು ನೋಡಿದೆನು.

ಅದಕ್ಕಿಂತಲೂ ನನಗೆ ಹತ್ತಿರವಾದುದು ವಿಕ್ರಮೋರ್ವಶೀಯದ ನಾಲ್ಕನೆಯ ಅಂಕ. ಊರ್ವಶಿಯನ್ನು ಕಳೆದುಕೊಂಡು ಕಾಡಿನಲ್ಲಿ ಅಲೆಯುವ ಪುರೂರವನಿಗೆ ಬಂಡೆಯ ಬಿರುಕಿನಲ್ಲಿ ಕೆಂಪಾದುದೊಂದು ಹೊಳೆಯುತ್ತದೆ. ಅದು ಗೌರಿಯ ಪಾದದ ಕೆಂಪಿನಿಂದ ಹುಟ್ಟಿದ ಸಂಗಮನೀಯವೆಂಬ ಮಣಿ. ರಾಜನು ಮೊದಲು ಅದನ್ನು ಬೇಡವೆನ್ನುತ್ತಾನೆ: ಮುಡಿಯತಕ್ಕವಳೇ ಇಲ್ಲದ ಮೇಲೆ ಈ ಮಣಿಯನ್ನು ನನ್ನ ಕಣ್ಣೀರಿನಿಂದ ಏಕೆ ಮಲಿನಮಾಡಲಿ ಎಂಬುದು ಅವನ ಭಾವ. ತೆಗೆದುಕೋ ಎಂದು ಕಾಣದ ವಾಣಿ ಹೇಳಿದ ಮೇಲೆಯೇ ಅವನು ಕೈಗೆತ್ತಿಕೊಳ್ಳುವುದು. ಕಾಳಿದಾಸನ ನಾಟಕದಲ್ಲಿ ಬಳ್ಳಿಯಾಗಿದ್ದವಳು ಮತ್ತೆ ಹೆಣ್ಣಾಗಿ ಬರುತ್ತಾಳೆ. ನಮ್ಮ ಸಂಸಾರಗಳಲ್ಲಿ ಹಾಗಾಗುವುದಿಲ್ಲ. ಆದರೂ ಕಣ್ಣೀರು ಬಿದ್ದೀತೆಂದು ಮಣಿಯನ್ನು ನೆಲದಲ್ಲಿಯೇ ಬಿಟ್ಟುಬರಬಾರದೆಂಬಷ್ಟನ್ನು ಆ ಅಂಕ ನನಗೆ ಹೇಳಿತು. ಅಕ್ಕನಿಗೆ ಈ ಕಥೆಯನ್ನು ಹೇಳಿದೆ. "ನಿನ್ನ ನಾಟಕ ನಿನಗೆ" ಎಂದಳು.

ಬೇರೆ ದೇಶದವರು ಸತ್ತವರ ನೆನಪಿಗೆ ಏನು ಮಾಡುತ್ತಾರೆಂಬುದನ್ನೂ ವಿಚಾರಿಸಿದೆ. ಆಂಗ್ಲರಲ್ಲಿ ಇದು ಬಹಳ ಹಳೆಯ ಪದ್ಧತಿ. ಷೇಕ್ಸ್‌ಪಿಯರನು 1616ರಲ್ಲಿ ಬರೆಸಿದ ಉಯಿಲಿನಲ್ಲಿ ತನ್ನ ನಾಟಕಮಂಡಲಿಯ ಮೂವರು ಗೆಳೆಯರಿಗೆ ಉಂಗುರ ಕೊಳ್ಳುವುದಕ್ಕೆಂದು ಹಣವನ್ನು ಬಿಟ್ಟಿದ್ದಾನೆ. 1861ರ ಡಿಸೆಂಬರಿನಲ್ಲಿ ಪತಿ ಆಲ್ಬರ್ಟನು ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ತಾನು 1901ರಲ್ಲಿ ಸಾಯುವವರೆಗೂ ಶೋಕದ ಕಪ್ಪುಡುಗೆಯನ್ನು ಬಿಡಲಿಲ್ಲ. ಅವಳನ್ನು ನೋಡಿ ದೇಶವೆಲ್ಲ ಕರಿಯ ಒಡವೆಗಳನ್ನು ತೊಟ್ಟಿತು. ಇಂಗ್ಲೆಂಡಿನ ವಿಟ್ಬಿ ಎಂಬ ಕಡಲತೀರದ ಊರಿನಲ್ಲಿ ಸಿಕ್ಕುವ ಜೆಟ್ ಎಂಬ ಕರಿಯ ವಸ್ತುವಿಗೆ ಆಗ ಎಲ್ಲಿಲ್ಲದ ಬೇಡಿಕೆ ಬಂದಿತು. ಅದು ಕಲ್ಲಲ್ಲ, ಕೋಟ್ಯಂತರ ವರ್ಷ ನೆಲದಲ್ಲಿ ಹುದುಗಿ ಮಾರ್ಪಟ್ಟ ಮರ. ಸತ್ತವರ ಕೂದಲನ್ನು ಹೆಣೆದು ಪದಕದ ಗಾಜಿನ ಕೆಳಗೆ ಇಡುವ ಪದ್ಧತಿಯೂ ಅವರಲ್ಲಿತ್ತು. ಅವರಿಗೆ ಅದು ಪ್ರಿಯವಾಗಿದ್ದಿರಬಹುದು. ತಲೆಯಿಂದ ಉದುರಿದ ಕೂದಲು ಅನ್ನದಲ್ಲಿ ಸಿಕ್ಕಿದರೆ ಎಲೆಯನ್ನೇ ಬಿಟ್ಟೇಳುವ ನಮಗೆ ಅದು ಒಗ್ಗದು.

ಈಚೆಗೆ ಇನ್ನೊಂದು ಬಂದಿದೆ. ಸುಟ್ಟ ಬೂದಿಯಿಂದಲೋ ಕೂದಲಿನಿಂದಲೋ ಇಂಗಾಲವನ್ನು ತೆಗೆದು, 50,000 ವಾಯುಭಾರಕ್ಕೂ ಮಿಕ್ಕ ಒತ್ತಡದಲ್ಲಿ, 1,300 ಡಿಗ್ರಿಗೂ ಮಿಕ್ಕ ಉಷ್ಣದಲ್ಲಿ ವಜ್ರವನ್ನು ಬೆಳೆಸಿಕೊಡುವ ಸಂಸ್ಥೆಗಳು ಪರದೇಶಗಳಲ್ಲಿವೆ. ಮಗನ ಸ್ನೇಹಿತನೊಬ್ಬನು ಇದನ್ನು ಹೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಗರುಡಪುರಾಣದ ರತ್ನಪರೀಕ್ಷೆಯಲ್ಲಿ, ದೇವತೆಗಳ ಯಜ್ಞಕ್ಕೆ ತಾನೇ ಪಶುವಾಗಿ ದೇಹವನ್ನು ಒಪ್ಪಿಸಿದ ಬಲನೆಂಬ ಅಸುರನ ಮೂಳೆಗಳು ವಜ್ರವಾದುವೆಂದೂ, ಹಲ್ಲುಗಳು ಮುತ್ತಾದುವೆಂದೂ, ರಕ್ತವು ಪದ್ಮರಾಗವಾಯಿತೆಂದೂ ಹೇಳಿದೆ. ಪುರಾಣಕಾರನ ಕಲ್ಪನೆಯನ್ನು ಯಂತ್ರದವರು ನಿಜಮಾಡಿದ್ದಾರೆ! ಆದರೆ ಮೂಳೆಯ ಬೂದಿ ಬಹುಪಾಲು ಸುಣ್ಣದ ಜಾತಿಯ ವಸ್ತು. ಇಂಗಾಲವೆಲ್ಲ ಹೆಚ್ಚುಕಡಿಮೆ ಚಿತೆಯಲ್ಲಿಯೇ ಹೊಗೆಯಾಗಿ ಹೋಗಿರುತ್ತದೆ. ಅದು ಹಾಗಿರಲಿ. ಅವಳ ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಕಾವೇರಿಗೆ ಒಪ್ಪಿಸಿ ಬಂದಾಗಿತ್ತು. ನದಿಗೆ ಕೊಟ್ಟದ್ದನ್ನು ನಾವು ಮತ್ತೆ ಕೇಳುವವರಲ್ಲ.

ಇನ್ನು ಆಕಾರದ ವಿಚಾರ. ಮೊದಲು ಹೋದದ್ದು ಪೇಟೆಯ ಒಂದು ದೊಡ್ಡ ಅಂಗಡಿಗೆ. ಅಲ್ಲಿಯ ಯುವಕ ಗಣಕಯಂತ್ರದ ತೆರೆಯ ಮೇಲೆ ಐವತ್ತು ಬಗೆಯ ಪದಕಗಳನ್ನು ಐದು ನಿಮಿಷದಲ್ಲಿ ತೋರಿಸಿದ. ಅಮ್ಮನ ಭಾವಚಿತ್ರವನ್ನು ಚಿನ್ನದ ಮೇಲೆ ಕೊರೆದುಕೊಡುತ್ತೇವೆ ಎಂದ; ಹೃದಯಾಕಾರವೆಂದು ಅವರು ಕರೆಯುವ, ಅರಳಿಯೆಲೆಯನ್ನು ಹೋಲುವ ಆಕಾರದೊಳಗೆ ಹೆಸರಿನ ಮೊದಲಕ್ಷರವನ್ನು ಕೂರಿಸುತ್ತೇವೆ ಎಂದ. ವಿನಯದಿಂದಲೇ ಹೇಳಿದನೆನ್ನಿ. ಆದರೆ ಯಾರ ತಾಯಿಗಾದರೂ ಹೊಂದುವ ಆಕಾರ ಇವರ ತಾಯಿಗೆ ಹೊಂದುವುದಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ, ನೆಲದ ಮೇಲೆ ಚಾಪೆ ಹಾಸಿಕೊಂಡು ಕೈಯಿಂದಲೇ ಕೆಲಸಮಾಡುವ ಅಕ್ಕಸಾಲಿಗರೊಬ್ಬರಿದ್ದಾರೆ, ಎಪ್ಪತ್ತು ದಾಟಿದವರು. ಅವರಲ್ಲಿಗೆ ಹೋದೆ. ಅವರು ಯಾವ ಚಿತ್ರವನ್ನೂ ತೋರಿಸದೆ, "ಅಮ್ಮನವರು ದಿನಾ ಕೈಯಲ್ಲಿ ಏನು ಮಾಡುತ್ತಿದ್ದರು, ಮೇಷ್ಟ್ರೇ?" ಎಂದು ಕೇಳಿದರು.

ದಿನವೂ ಮಾಡುತ್ತಿದ್ದ ಕೆಲಸಗಳೆಷ್ಟೋ. ಆದರೆ ಆ ಪ್ರಶ್ನೆಗೆ ನನ್ನ ಬಾಯಲ್ಲಿ ಬಂದ ಉತ್ತರ ರಂಗೋಲಿ. ಅವಳದೊಂದು ರಂಗೋಲಿಯ ಪುಸ್ತಕವಿತ್ತು. ಶಾಲೆಯಿಂದ ನಾನು ತಂದಿದ್ದ ಚೌಕುಳಿ ಗೆರೆಯ ಪುಸ್ತಕದಲ್ಲಿ ಸೀಸದ ಕಡ್ಡಿಯಿಂದ ಚುಕ್ಕಿಯಿಟ್ಟು, ಹಬ್ಬಕ್ಕೊಂದರಂತೆ ಬರೆದಿಟ್ಟಿದ್ದಳು. ಮೊದಲನೆಯ ಪುಟದಲ್ಲಿಯೇ, ದಿನನಿತ್ಯಕ್ಕೆ ಹಾಕುತ್ತಿದ್ದ ಅತ್ಯಂತ ಚಿಕ್ಕದು: ನಡುವೆ ಒಂದು ಚುಕ್ಕಿ, ಸುತ್ತಲೂ ಆರು. ಓಲೆಯ ಹರಳಿನ ಲೆಕ್ಕವೂ ಅದೇ! ಮೂವತ್ತೇಳು ವರ್ಷ ಬಾಗಿಲಿನಲ್ಲಿ ಅದನ್ನು ತುಳಿಯದೆ ದಾಟುತ್ತಿದ್ದವನಿಗೆ ಈ ಸಾಮ್ಯ ಪುಸ್ತಕವನ್ನು ತೆರೆದಾಗಲೇ ಗೋಚರವಾದುದು. ಚುಕ್ಕಿಗಳ ಜಾಗದಲ್ಲಿ ಹರಳು, ಎಳೆಯ ಜಾಗದಲ್ಲಿ ಚಿನ್ನದ ತಂತಿ. ಆಕಾರ ಸಿದ್ಧವಾಯಿತು.

ಸಿದ್ಧವಾಯಿತೆಂದರೆ ಕಾಗದದ ಮೇಲೆ. ಈ ರಂಗೋಲಿಯಲ್ಲಿ ಎಳೆಯು ಒಂದು ಚುಕ್ಕಿಯ ಹೊರಗಡೆ ಬಳಸಿ, ಮುಂದಿನದರ ಒಳಗಡೆ ಹಾದು, ಮತ್ತೊಂದರ ಹೊರಗೆ ಬರುತ್ತ ಸಾಗುತ್ತದೆ. ಆರು ಸಮಸಂಖ್ಯೆಯಾದುದರಿಂದ ಒಂದೇ ಸುತ್ತಿಗೆ ಹೊರಟಲ್ಲಿಗೆ ಬಂದು ಕೂಡಿಕೊಂಡುಬಿಡುತ್ತದೆ. ಮೂರು ಚುಕ್ಕಿಗಳ ಹೊರಮಗ್ಗುಲು ಬರಿದಾಗಿಯೇ ಉಳಿಯುತ್ತದೆ. ಅದನ್ನು ತುಂಬಲು ಎರಡನೆಯದೊಂದು ಎಳೆ ಬೇಕು, ಅದು ಮೊದಲನೆಯದಕ್ಕೆ ವಿಪರೀತವಾಗಿ ಹೋಗಬೇಕು. ಹೀಗೆ ಎರಡು ಎಳೆಗಳು ಆರು ಕಡೆ ಒಂದನ್ನೊಂದು ದಾಟುತ್ತವೆ. ನೆಲದ ಮೇಲೆ ದಾಟುವುದು ಸುಲಭ, ಪುಡಿಯ ಮೇಲೆ ಪುಡಿ ಬಿದ್ದರಾಯಿತು. ತಂತಿಯ ಮೇಲೆ ತಂತಿ ಬಂದರೆ ಎದೆಯ ಮೇಲೆ ಚುಚ್ಚುವ ಗಂಟಾಗುತ್ತದೆ. ಆಚಾರ್ಯರು ಎರಡು ದಿನ ಯೋಚಿಸಿ, ಬುಟ್ಟಿ ಹೆಣೆಯುವವರಂತೆ ಒಂದು ಕಡೆ ಮೇಲೆ, ಮುಂದಿನ ಕಡೆ ಕೆಳಗೆ ಎಂದು ತಂತಿಗಳನ್ನು ಹಾಯಿಸಿ, ದಾಟುವ ಕಡೆಗಳಲ್ಲಿ ಸ್ವಲ್ಪ ತಟ್ಟಿ, ಅಲ್ಲಿ ಮಾತ್ರ ಬೆಸುಗೆ ಹಾಕುವುದೆಂದು ನಿರ್ಧರಿಸಿದರು. ಬೆಸುಗೆಯೆಲ್ಲ ಮುಗಿದ ಮೇಲೆಯೇ ಹರಳು ಕೂರಿಸಬೇಕು; ಏಕೆಂದರೆ ಹರಳಿನ ತಳಕ್ಕೆ ಹಾಕುವ ಅರಗು ಬೆಂಕಿಯನ್ನು ತಡೆಯದು.

ಓಲೆಗಳನ್ನು ಕಳಚಿದ ದಿನ ನಾನು ಎದುರಿಗೇ ಕುಳಿತಿದ್ದೆ. ಹರಳುಗಳನ್ನು ಬಿಡಿಸಿದಾಗ ಅವುಗಳ ತಳದಲ್ಲಿ ಹಳೆಯ ಬಣ್ಣದ ರೇಕು ಸಿಕ್ಕಿತು. ಬೆಳಕು ಒಳಗೆ ಹೊಕ್ಕು ಆ ರೇಕಿನಿಂದ ಹಿಂದಿರುಗುವುದರಿಂದಲೇ ಹಳೆಯ ಕೆಂಪುಗಳು ಕೆಂಡದಂತೆ ತೋರುವುದಂತೆ. ಬಿಡಿಯಾದ ಹರಳುಗಳು ಹಾಗಿರಲಿಲ್ಲ. ದಾಳಿಂಬೆಯ ಎಳೆಯ ಕಾಳಿನಂತೆ ತಿಳಿಯಾಗಿದ್ದುವು. ಆಚಾರ್ಯರು ಹದಿನಾಲ್ಕನ್ನೂ ಮಸೂರದಲ್ಲಿ ನೋಡಿ, ನಡುಹರಳುಗಳೆರಡರಲ್ಲಿ ಒಂದನ್ನು ಪಕ್ಕಕ್ಕಿಟ್ಟು, "ಇದನ್ನು ಒಂದು ಸಲ ಬೆಂಗಳೂರಿಗೆ ಕಳಿಸಿ ನೋಡಿಸಿಬಿಡಿ" ಎಂದರು. ಎಲ್ಲವನ್ನೂ ಅಲ್ಲಿಯ ರತ್ನಪರೀಕ್ಷಾಲಯಕ್ಕೆ ಕಳಿಸಿದೆವು. ಬಂದ ಪತ್ರವನ್ನು ಆಚಾರ್ಯರು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದರು: "ಹದಿಮೂರು ನೆಲದ್ದು, ಮೇಷ್ಟ್ರೇ. ಒಂದು ಒಲೆಯದು."

ಒಲೆಯ ಕೆಂಪೆಂದರೆ ಗಾಜಲ್ಲ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಪದ್ಮರಾಗಕ್ಕೆ ಮೂರು ಆಕರಗಳನ್ನು ಹೇಳಿದ್ದಾನೆ: ಸೌಗಂಧಿಕ, ಕುರುವಿಂದ, ಸ್ಫಟಿಕ. ನಾಲ್ಕನೆಯದನ್ನು ಫ್ರಾನ್ಸಿನ ವರ್ನ್ಯುಯಿ ಎಂಬ ರಸಾಯನಶಾಸ್ತ್ರಜ್ಞನು 1902ರಲ್ಲಿ ಪ್ರಕಟಿಸಿದನು. ಅಲ್ಯೂಮಿನಾ ಎಂಬ ಬಿಳಿಯ ಪುಡಿಗೆ ಅತ್ಯಲ್ಪ ಕ್ರೋಮಿಯಮ್ಮನ್ನು ಬೆರೆಸಿ, 2,000 ಡಿಗ್ರಿಗೂ ಹೆಚ್ಚಿನ ಉರಿಯ ಮೂಲಕ ಉದುರಿಸಿದರೆ ಕರಗಿದ ಹನಿಗಳು ಒಂದರಮೇಲೊಂದು ನಿಂತು ಮಾಣಿಕ್ಯವಾಗಿ ಬೆಳೆಯುತ್ತವೆ. ಗಡಸುತನ ಅದೇ, ತೂಕ ಅದೇ, ಬಣ್ಣದ ಕಾರಣವೂ ಅದೇ. ವ್ಯತ್ಯಾಸ ಮಸೂರಕ್ಕೆ ಮಾತ್ರ: ನೆಲದ ಕಲ್ಲಿನಲ್ಲಿ ಗೆರೆಗಳು ನೇರವಾಗಿರುತ್ತವೆ, ಕೆಲವೊಮ್ಮೆ ರೇಷ್ಮೆಯಂಥ ನವುರಾದ ಸೂಜಿಗಳಿರುತ್ತವೆ, ಒಲೆಯದರಲ್ಲಿ ಗೆರೆಗಳು ಬಾಗಿರುತ್ತವೆ. ಪದಾರ್ಥದಲ್ಲಿ ಎರಡೂ ಒಂದೇ, ಹುಟ್ಟಿನಲ್ಲಿ ಬೇರೆ. ಬೆಲೆಯಲ್ಲಂತೂ ಅಜಗಜಾಂತರ. ಅತ್ತೆಯವರ ಕಾಲದಲ್ಲಿ ಯಾವುದೋ ಒಂದು ದಿನ ನಡುಹರಳು ಬಿದ್ದುಹೋಗಿ, ಆ ಜಾಗದಲ್ಲಿ ಇದನ್ನು ಕೂರಿಸಿರಬೇಕು. ಕೇಳೋಣವೆಂದರೆ ಬಲ್ಲವರು ಯಾರೂ ಉಳಿದಿಲ್ಲ.

ಈಗ ಮನೆಯಲ್ಲಿ ಚರ್ಚೆ ಹುಟ್ಟಿತು. ಮಗಳು ಹೇಳಿದ್ದು: "ಅಪ್ಪಾ, ಅದೊಂದನ್ನು ತೆಗೆಸಿ ಒಳ್ಳೆಯ ಕಲ್ಲು ಹಾಕಿಸೋಣ. ನಾನೇ ದುಡ್ಡು ಕೊಡುತ್ತೇನೆ. ಅಮ್ಮನ ಹೆಸರಿನಲ್ಲಿ ಮಾಡಿಸುವುದರಲ್ಲಿ ಕೃತಕವಾದದ್ದು ಏಕೆ?" ಅವಳ ಮಾತು ಅಗೌರವದಿಂದ ಬಂದುದಲ್ಲ. ತಾಯಿಗೆ ಕೊರತೆಯಾದುದೇನೂ ಸಲ್ಲಬಾರದೆಂಬ ಅಭಿಮಾನದಿಂದ ಬಂದುದು. ರತ್ನಪರೀಕ್ಷೆಯ ಶಾಸ್ತ್ರವೂ ಅವಳ ಪಕ್ಷದಲ್ಲಿಯೇ ಇದೆ: ದೋಷವುಳ್ಳ ಮಣಿಯನ್ನು ಧರಿಸಬಾರದೆಂದು ನಮ್ಮ ಗ್ರಂಥಗಳು ಪುಟಗಟ್ಟಲೆ ಹೇಳುತ್ತವೆ. ನನ್ನ ಪಕ್ಷಕ್ಕೆ ಇದ್ದುದು ನಾನು ಹಿಂದೆ ಹೇಳಿದ ನಿಯಮ ಒಂದೇ. ಶಾಕುಂತಲದ ಉಂಗುರದಲ್ಲಿ ಯಾವ ಹರಳಿತ್ತು, ಅದು ಎಷ್ಟು ತೂಗುತ್ತಿತ್ತೆಂದು ದುಷ್ಯಂತನು ನೋಡಿದನೇ? ರತ್ನವೆಂದು ಕೊಳ್ಳುವಾಗ ನೋಡತಕ್ಕ ಗುಣ ಬೇರೆ, ಗುರುತೆಂದು ಇಟ್ಟುಕೊಳ್ಳುವಾಗ ನೋಡತಕ್ಕ ಗುಣ ಬೇರೆ. ಅವಳ ಕಿವಿಯಲ್ಲಿ ಮೂವತ್ತೇಳು ವರ್ಷ ಇದ್ದುದು ಆ ಒಲೆಯ ಕಲ್ಲೇ. ಈ ಮಾತನ್ನು ನಾನಿನ್ನೂ ಹೊರಗೆ ಆಡಿರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ, "ಮಾವ, ಆ ಕಲ್ಲಿರುವುದು ನನಗಿರಲಿ. ಅತ್ತೆ ನನ್ನ ಕಡೆಗೆ ತಿರುಗಿ ಮಲಗಿದಾಗ ದೀಪಕ್ಕೆ ಹೊಳೆಯುತ್ತಿದ್ದುದು ಎಡಗಿವಿಯದೇ" ಎಂದಳು. ಕಡೆಯ ಮೂರು ತಿಂಗಳು ರಾತ್ರಿ ಹಾಸಿಗೆಯ ಪಕ್ಕದಲ್ಲಿ ಕುಳಿತವಳು ಅವಳು. ಕಳಚಿದ್ದು ಎಡಗಿವಿಯ ಓಲೆಯಿಂದಲೇ ಎಂಬುದು ಅವಳಿಗೆ ಹೇಗೆ ತಿಳಿಯಿತೋ, ನಾನಂತೂ ಹೇಳಿರಲಿಲ್ಲ.

ಇದನ್ನು ಕೇಳಿದ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅವಳ ಕಣ್ಣು ತುಂಬಿತು. "ಹಾಗಾದರೆ ಅದು ನನಗೂ ಬೇಕು" ಎಂದಳು. ಒಂದು ಗಳಿಗೆಯ ಹಿಂದೆ ಯಾರಿಗೂ ಬೇಡವಾಗಿದ್ದ, ಪೇಟೆಯಲ್ಲಿ ಬೆಲೆಯೇ ಇಲ್ಲದ ಕಲ್ಲಿಗೆ ಇಬ್ಬರು ವಾರಸುದಾರರಾದರು! ಮಿತಾಕ್ಷರೆಯಲ್ಲಿ ಇದಕ್ಕೆ ಪರಿಹಾರವಿಲ್ಲ.

ಪರಿಹಾರವನ್ನು ಹೇಳಿದವಳು ಅಕ್ಕ. ಓಲೆಯನ್ನು ಮುರಿಸಬಾರದೆಂದಿದ್ದ ಅದೇ ಅಕ್ಕ. "ಯಾವುದರಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲದ ಹಾಗೆ ಮಾಡಿಸು. ಇಬ್ಬರೂ ತನ್ನದೇ ಅಂದುಕೊಂಡಿರಲಿ" ಎಂದಳು. ನಾನು ಹೋಗಿ ಆಚಾರ್ಯರಿಗೆ ಹೇಳಿದೆ. ಪರೀಕ್ಷಾಲಯದವರು ಬೆನ್ನು ತೆರೆದ ಕಟ್ಟು ಒಳ್ಳೆಯದೆಂದು ಬರೆದಿದ್ದರು. ನಾವು ಹಳೆಯ ಕ್ರಮದಂತೆ ಬೆನ್ನು ಮುಚ್ಚಿ, ಹೊಸ ರೇಕು ಹಾಕಿಸಿ, ಕುಂದಣದಲ್ಲಿ ಹರಳು ಕೂರಿಸುವುದೆಂದು ಮಾಡಿದೆವು. ಅಪ್ಪಟ ಚಿನ್ನದ ತೆಳುವಾದ ರೇಕನ್ನು ಬೆಂಕಿ ತೋರಿಸದೆ ಉಕ್ಕಿನ ಕಡ್ಡಿಯಿಂದ ಹರಳಿನ ಸುತ್ತ ಒತ್ತಿ ಒತ್ತಿ ಕೂಡಿಸುವ ಆ ಕೆಲಸವನ್ನು ನೋಡುತ್ತ ಕುಳಿತರೆ ಹೊತ್ತು ಹೋದುದೇ ತಿಳಿಯುವುದಿಲ್ಲ. ಆದರೆ ನಡುಹರಳುಗಳನ್ನು ಕೂರಿಸುವ ದಿನ ಆಚಾರ್ಯರು ನನ್ನನ್ನು ಬರಬೇಡಿರೆಂದರು. ಪದಕಗಳು ತಯಾರಾಗಿ ಬಂದಾಗ ಕಾಗದದಲ್ಲಿ ಬೇರೆ ಬೇರೆ ಸುತ್ತಿದ್ದುವು. ಮೊಮ್ಮಗು ಎರಡು ಕೈಗೆ ಎರಡನ್ನು ಎತ್ತಿಕೊಂಡು ಒಂದನ್ನು ಅಮ್ಮನಿಗೆ, ಒಂದನ್ನು ಅತ್ತೆಗೆ ಕೊಟ್ಟಿತು. ತಲೆಗೆ ನೀರು ಹಾಕಿಕೊಳ್ಳುವಾಗ ತೆಗೆದಿಡಬೇಕು, ಅರಗಿಗೆ ನೀರು ಇಳಿದರೆ ರೇಕು ಕಪ್ಪಾಗುತ್ತದೆ ಎಂದು ಆಚಾರ್ಯರು ಹೇಳಿ ಕಳಿಸಿದ್ದ ಮಾತನ್ನು ಇಬ್ಬರಿಗೂ ತಿಳಿಸಿದೆ.

ಅಕ್ಕನು ಕನ್ನಡಕ ಹಾಕಿಕೊಂಡು ಎರಡನ್ನೂ ಕಿಟಕಿಯ ಬಳಿಗೆ ಒಯ್ದು, ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು. "ಯಾವುದೋ ಅದು?" ಎಂದು ನನ್ನನ್ನು ಮೆಲ್ಲನೆ ಕೇಳಿದಳು. ನನಗೂ ತಿಳಿಯದೆಂದೆ. ಅವಳು ನಂಬಲಿಲ್ಲ.